ಹಳೇ ಫಂಕ್ಷನ್ನಿಗೆ ಕಾರಣ ಬರೀರಿ

ಹಳೇ ಸಾಫ್ಟ್‌ವೇರ್ ತಾನು ಸಾಯಂಗಿಲ್ಲ, ನೋಡಿಕೊಳ್ಳಾವನ ಜೀವಾ ತಿಂತೈತಿ. ಗಂಗಾವತಿಯೊಳಗ ರೈಸ್ ಮಿಲ್ಲುಗಳಿಗೆ ತೂಕದ ಸಾಫ್ಟ್‌ವೇರ್ ಮಾಡೋ ಸಣ್ಣ ಆಫೀಸಿನ್ಯಾಗ ನಂದು ಇಪ್ಪತ್ತು ವರ್ಷದ ನೌಕರಿ. ಹೊಸ ಮ್ಯಾನೇಜರ್ ಸಾಹೇಬ್ರು ಬಂದ ಕೂಡ್ಲೆ ಹುಕುಂ ಹೊರಡಿಸಿದ್ರು: "ಕೋಡಿನ ಲೈಬ್ರರಿಯೊಳಗ ಹಳೇ ಮಿಲ್ಲುಗಳ ಸಲುವಾಗಿ ಉಳಿಸಿಟ್ಟ ಫಂಕ್ಷನ್ ಒಂದೊಂದಕ್ಕೂ ಕಾರಣ ಬರೀರಿ. ಕಾರಣ ಇಲ್ಲದ್ದು ಹೋಗ್ತೈತಿ. ಕೆಲಸಕ್ಕ ಬಾರದಾಂವನೂ ಹೋಗ್ತಾನ." ಎರಡನೇ ಮಾತು ಯಾರಿಗಂತ ತಿಳೀಲಾರದಷ್ಟು ದಡ್ಡ ನಾನಲ್ಲ.

೧

ಒಂದು ಫಂಕ್ಷನ್ನು, ಅಂದ್ರ ಕೋಡಿನ ತುಣುಕು, ತೊಂಬತ್ತೇಳನೇ ಇಸ್ವಿಯ ಪ್ರಿಂಟರಿನ ಸಲುವಾಗಿ ಇತ್ತು. ಮರಳಿ ಊರಿನ ಕಡೆಯ ಮಿಲ್ಲಿಗೆ ಫೋನ್ ಹಚ್ಚಿದೆ.

"ಮುನೀಮ್ರ, ಆ ಪ್ರಿಂಟರ್ ಇನ್ನೂ ಐತೇನ್ರಿ?"

"ಐತ್ರಿ. ಕೆಟ್ಟು ಹತ್ತು ವರ್ಷಾತು."

"ಮತ್ತ ಒಗೀಬಾರದೇನ್ರಿ?"

"ಅದರ ಮ್ಯಾಲ ಲಕ್ಷ್ಮೀ ಫೋಟೋ ಇಟ್ಟು ದಿನಾ ಪೂಜಾ ಮಾಡ್ತೀವ್ರಿ. ಒಗದ್ರ ತಾಯಿನ್ನ ನಿಮ್ಮ ತಲಿ ಮ್ಯಾಲ ಕೂಡ್ಸೋಣೇನು?"

೨

ಇನ್ನೊಂದರ ಮುಂದ ದಪ್ಪಕ್ಷರದಾಗ ಬರದೆ: "ಇದು ಹಳೇದು. ಯಾರೂ ಬಳಸಬ್ಯಾಡ್ರಿ." ಮರುದಿನ ನಮ್ಮ ಕುಷ್ಟಗಿ ಶಾಖೆಯಿಂದ ಗೆಳೆಯ ಫೋನ್ ಮಾಡಿದ.

"ಭಾಳ ಛಲೋ ಬರದೀಯಲೇ! ಇಂಥಾದೊಂದು ಐತಂತ ನಮಗ ಗೊತ್ತ ಇರಲಿಲ್ಲ. ನಿನ್ನಿಯಿಂದ ಎಲ್ಲಾರೂ ಅದನ್ನ ಬಳಸಾಕ ಹತ್ತೀವಿ."

೩

ಕಡೀಕ ಉಳಿದದ್ದು ಅಮಾಸಿ ಫಂಕ್ಷನ್. ಅಮಾಸಿ ದಿನ ಹಮಾಲರಿಗೆ ಸೂಟಿ, ಅದಕ್ಕ ಅವತ್ತು ತೂಕದ ಪರದೆ ತೆರೀದಂಗ ಅದು ತಡೀತಿತ್ತು. ಹಂಗಂತ ಬರದೆ. ಸಾಹೇಬ್ರು ಓದಿ ಹೊಟ್ಟಿ ಹಿಡಕೊಂಡು ನಕ್ಕರು.

"ಕಂಪ್ಯೂಟರಿಗೆಂಥಾ ಅಮಾಸಿರೀ? ಇಂಥಾ ಮೂಢನಂಬಿಕಿ ಬರಿಯೋರು ನಮಗ ಬ್ಯಾಡ. ಕಿತ್ತು ಹಾಕ್ರಿ. ಸೋಮವಾರ ಎಲ್ಲಾ ಮಿಲ್ಲಿಗೂ ಹೊಸಾ ಸಾಫ್ಟ್‌ವೇರ್ ಕಳಸ್ರಿ. ಆಮ್ಯಾಲ ನಿಮ್ಮ ವಿಚಾರ ಮಾತಾಡೋಣು."

ಈ ವಯಸ್ಸಿನ್ಯಾಗ ನನಗ್ಯಾರು ನೌಕರಿ ಕೊಡ್ತಾರ? ಫಂಕ್ಷನ್ ಕಿತ್ತೆ.

ಸೋಮವಾರ ಮುಂಜಾನೆ ಇನ್ನೇನು ಕಳಸಬೇಕು, ಸಾಹೇಬ್ರ ಫೋನ್ ಬಂತು, ಮನಿಯಿಂದ. ದನಿ ಸಣ್ಣಗಾಗಿತ್ತು.

"ತಡೀರಿ, ಕಳಸಬ್ಯಾಡ್ರಿ! ಇವತ್ತು ಅಮಾಸಿ ಅಂತ, ಹೊಸಾದೇನೂ ಶುರು ಮಾಡಬಾರದಂತ. ನಮ್ಮವ್ವ ಬಾಗಲಾ ಬಿಟ್ಟು ಸರಿವಲ್ಲಳು."

"ಹಂಗಾರ ಆ ಹಳೇ ಫಂಕ್ಷನ್ ಏನ್ ಮಾಡ್ಲಿ ಸರ?"

"ಇರ್ಲಿ ಬಿಡ್ರಿ."

"ಕಾರಣ ಏನಂತ ಬರೀಲ್ರಿ?"

"ಟೆಕ್ನಿಕಲ್ ಅಂತ ಬರೀರಿ. ಹಂಗ ಬರದ್ರ ಯಾರಿಗೂ ತಿಳಿಯಂಗಿಲ್ಲ. ಅದಕ್ಕ ಅಲ್ಲೇನ್ರಿ ನಿಮ್ಮನ್ನ ಇಟಗೊಂಡಿದ್ದು!"