ಟವೆಲ್ ಬೀಸಬೇಕಾದ ಮಾವ

ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಹೆದರುವವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ! ತೇನಿಯಲ್ಲಿ ಬಸ್ಸು ಹತ್ತಿದರೆ ಡ್ರೈವರ್ ಹಿಂದಿನ ಸೀಟೇ ಬೇಕು; ಅವನು ತೂಕಡಿಸಿಬಿಟ್ಟರೆ? ಹತ್ತು ನಿಮಿಷಕ್ಕೊಮ್ಮೆ ಹೆಗಲು ತಟ್ಟಿ, "ತಂಬಿ, ಮುಳಿಚ್ಚಿರುಕ್ಕಿಯಾ?" ಎಂದು ತಮಿಳಿನಲ್ಲಿ ಎಚ್ಚರ ವಿಚಾರಿಸುತ್ತಾರೆ. ಬತ್ತಲಗುಂಡು ಬರುವಷ್ಟರಲ್ಲಿ ಬಸ್ಸಿನಲ್ಲಿ ಒಬ್ಬರಿಗೂ ನಿದ್ದೆಯಿರುವುದಿಲ್ಲ. ಮನೆಯಲ್ಲಿ ಮೀನುಸಾರಾದರೆ ಎಲ್ಲರ ತಟ್ಟೆಯ ಮುಳ್ಳು ತಪಾಸಣೆಯೂ ಇವರದೇ. "ಮುಳ್ಳು ಚುಚ್ಚಿ ಸಾಯಲ್ಲ, ಹಸಿದೇ ಸಾಯ್ತೀವಿ!" ಎಂದು ಅತ್ತೆ ರೇಗುತ್ತಾರೆ.

ಇಂಥವರಿಗೆ ಊರು ಕೊಟ್ಟ ಕೆಲಸ ಯಾವುದು ಗೊತ್ತೆ? ಬೇಸಿಗೆ ಕಾಲಿಡುವ ಪಂಗುನಿ ತಿಂಗಳಲ್ಲಿ ನಮ್ಮ ಪುಟ್ಟ ಕೆರೆಯ ನೀರು ಮೊಣಕಾಲಿಗಿಳಿದಾಗ ಊರೆಲ್ಲ ಸೇರಿ ಮೀನು ಹಿಡಿಯುತ್ತದೆ. ಏರಿಯ ಮೇಲೆ ನಿಂತ ಹಿರಿಯರು ಬಿಳಿ ಟವೆಲ್ ಬೀಸುವ ತನಕ ಯಾರೂ ನೀರಿಗೆ ಕಾಲಿಡುವಂತಿಲ್ಲ. ತಾತನ ನಂತರ ಆ ಟವೆಲ್ ಮಾವನ ಹೆಗಲೇರಿತು.

ಹೋದ ವರ್ಷ ವಾರದ ಮುಂಚಿನಿಂದಲೇ ಅವರಿಗೆ ಅನ್ನ ಸೇರಲಿಲ್ಲ. ಕೆರೆಯ ನಡುವೆ ಯಾರೋ ಮಣ್ಣು ತೋಡಿ ಆಳುದ್ದದ ಗುಂಡಿ ಬಿಟ್ಟಿದ್ದರು. ಕೆಸರುನೀರಿನಲ್ಲಿ ಅದು ಕಾಣುವಂತಿರಲಿಲ್ಲ. ಸುತ್ತ ಕೋಲು ನೆಟ್ಟ ಮೇಲೆಯೇ ಟವೆಲ್ ಎಂದು ಮಾವ ಹಟ ಹಿಡಿದರು. ಕೋಲು ತರುವ ಗಾಡಿಯ ಸುಳಿವೇ ಇಲ್ಲ. ಹತ್ತು ಗಂಟೆಯಾಯಿತು. ಬಲೆ, ಬುಟ್ಟಿ, ಸೊಳ್ಳೆಪರದೆ ಹಿಡಿದು ಕಾದ ಜನ ಗೊಣಗತೊಡಗಿದರು.

"ಏನ್ ಮಾವಾ, ಮೀನಿಗೆ ವಯಸ್ಸಾಯ್ತದೆ!" ಎಂದೆ.

"ಸುಮ್ನಿರು ತಾಯೀ, ಎದೆ ಡವಡವ ಅಂತದೆ" ಎಂದವರೇ, ಮುಖದ ಬೆವರೊರೆಸಿ ಟವೆಲನ್ನು ಪಟಪಟನೆ ಕೊಡವಿದರು.

ಅಷ್ಟೇ! ಹೋ ಎಂದು ಇಡೀ ಊರು ನೀರಿಗೆ ನುಗ್ಗಿತು! "ಪೊರುಂಗಪ್ಪಾ! ನಿಲ್ರಪ್ಪಾ!" ಎಂದು ಮಾವ ತಮಿಳು, ಕನ್ನಡ ಎರಡೂ ಭಾಷೆಯಲ್ಲಿ ಕೂಗಿಕೊಂಡರು. ಕೇಳುವವರು ಯಾರು? ತಡೆಯಲೆಂದು ಟವೆಲ್ ಬೀಸಿದರೆ ಮಿಕ್ಕವರೂ ಇಳಿದರು.

ಮರುಕ್ಷಣ ನೋಡಿದರೆ ಮಾವ ಏರಿಯ ಮೇಲಿಲ್ಲ. ಈಜು ಬಾರದ ಆ ಮನುಷ್ಯ ಪಂಚೆ ಎತ್ತಿಕಟ್ಟಿ, ಜನರಿಗಿಂತ ಮೊದಲೇ ಗುಂಡಿಯ ಅಂಚಿಗೆ ಓಡಿ, ಎರಡೂ ಕೈ ಚಾಚಿ ತಾವೇ ಕೋಲಾಗಿ ನಿಂತಿದ್ದರು! "ಆ ಕಡೆ ಹೋಗ್ರಪ್ಪಾ, ಇಲ್ಲಿ ಗುಂಡಿ!" ಜನ ನಗುತ್ತಲೇ ಸುತ್ತಿ ಹೋದರು. ನನಗೆ ನಗು ಬರಲಿಲ್ಲ. ಇಳಿದು ಪಕ್ಕದಲ್ಲಿ ನಿಂತು ಕೈ ಹಿಡಿದೆ. ಬೆರಳುಗಳು ಗಡಗಡ ನಡುಗುತ್ತಿದ್ದವು.

"ನೀ ಹೋಗಿ ಮೀನ್ ಹಿಡಿ ತಾಯೀ. ನಂಗೇನು ಭಯ?"

ಕಡೆಯ ಬುಟ್ಟಿ ದಡ ಹತ್ತುವ ತನಕ, ಒಬ್ಬರನ್ನೂ ಗುಂಡಿಗೆ ಬಿಡದೆ ಹಾಗೇ ನಿಂತೆವು. ಇಷ್ಟು ವರ್ಷವೂ ನಮ್ಮನ್ನೆಲ್ಲ ಇವರು ಹೀಗೆ ನಡುಗುತ್ತಲೇ ಕಾಯ್ದಿದ್ದಾರಲ್ಲ ಎಂದು ಕಣ್ಣು ತುಂಬಿ ಬಂತು.