ಒಂಬತ್ತು ಆಡುಗಳ ಬೃಹತ್ ಭೂ ಅಭಿವೃದ್ಧಿ ಹಾಗೂ ಅದರ ವಿಶೇಷ ವಲಯ ಯೋಜನೆ ಕುರಿತು

ಕ್ರಮಾಂಕ: ವಿವಯೋ/ಗುಡ್ಡ/ಆಡು/9/1983-84
ದಿನಾಂಕ: 9 ಆಗಸ್ಟ್ 1983

ವಿಷಯ: ಶಿರಹಟ್ಟಿ ತಾಲ್ಲೂಕಿನ ಹಾಜಿರಾಬಿ ಕೋಂ ಮರ್ದಾನಸಾಬ ಇವರು ಕಪ್ಪತಗುಡ್ಡದ ಕಾಯ್ದಿಟ್ಟ ಪ್ರದೇಶದ ಅಂಚಿನಲ್ಲಿ ಆಡುಗಳ ಮೂಲಕ ಕೈಗೊಂಡಿರುವ ಬೃಹತ್ ಅಭಿವೃದ್ಧಿಯನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಓದಲಾಗಿದೆ:
(ಅ) ಭೂಮಾಪಕ ಹೊಳೆಯಪ್ಪನವರ ಅಳತೆ ವರದಿ.
(ಆ) ಹಾಜಿರಾಬಿಯವರ ಹೇಳಿಕೆ, ಹೆಬ್ಬೆಟ್ಟಿನ ಗುರುತು ಸಹಿತ.
ಓದದೆ ಮಂಜೂರು ಮಾಡಲಾಗಿದೆ:
(ಇ) ತಂಗಾಳಿ ಭೂ ಅಭಿವೃದ್ಧಿ ಕಂಪನಿಯ ಅರ್ಜಿ.

ಗುಡ್ಡದ ಅಂಚಿನಿಂದ ಎರಡು ಕಿಲೋಮೀಟರ್ ಒಳಗೆ ನೂರು ಎಕರೆ ಮೀರಿದ ಯಾವುದೇ ಅಭಿವೃದ್ಧಿಗೆ ವಿಶೇಷ ವಲಯ ಯೋಜನೆ ಸಲ್ಲಿಸುವುದು ಕಡ್ಡಾಯವಾಗಿರುತ್ತದೆ. ಅದರಂತೆ ಎರಡು ಪ್ರಕರಣಗಳನ್ನು ಪರಿಶೀಲಿಸಿ ಕೆಳಗಿನಂತೆ ತೀರ್ಮಾನಿಸಲಾಗಿದೆ.

1. ತಂಗಾಳಿ ಕಂಪನಿಯು ವಿಶ್ರಾಂತಿಧಾಮ ಮತ್ತು ಬಂಗಲೆಗಳಿಗಾಗಿ ಹೊಂದಿರುವ ಮುನ್ನೂರ ನಲವತ್ತು ಎಕರೆಯು ಕಂಪನಿಯ ಮಾಲೀಕರ ನೂರಾ ಎಪ್ಪತ್ತು ಮಂದಿ ಸಂಬಂಧಿಕರ ಹೆಸರಿನಲ್ಲಿ ತಲಾ ಎರಡು ಎಕರೆಯಂತೆ ಇರುವುದು ಕಂಡುಬಂದಿದೆ. ಎರಡು ಎಕರೆ ಬೃಹತ್ ಅಲ್ಲ. ಆದ್ದರಿಂದ ಕಂಪನಿಗೆ ನಿಯಮ ಅನ್ವಯಿಸುವುದಿಲ್ಲ.

2. ಹಾಜಿರಾಬಿಯವರ ಒಂಬತ್ತು ಆಡುಗಳ ಹಿಂದೆ ಹೊಳೆಯಪ್ಪನವರು ಒಂದು ದಿನವಿಡೀ ಸರಪಳಿ ಹಿಡಿದು ನಡೆದು, ಆಡುಗಳು ಸುತ್ತಿದ ಪ್ರದೇಶ ಇನ್ನೂರ ಹನ್ನೆರಡು ಎಕರೆ ಎಂದು ಲೆಕ್ಕ ಹಾಕಿರುತ್ತಾರೆ. ಅಳತೆಯ ವೇಳೆ ಹಾಜಿರಾಬಿಯವರು "ಹೊಳೆಯಪ್ಪಣ್ಣ, ಸರಪಳಿ ಜಗ್ಗಬ್ಯಾಡೋ, ಆಡು ಬೆದರ್ತಾವು. ಬಿಸಲಾಗ ತಲಿ ತಿರಗೀತು, ಬಾ, ನೆಳ್ಳಿಗೆ ಕುಂಡ್ರು" ಎಂದು ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ್ದು ದಾಖಲಾಗಿದೆ. ಹೊಳೆಯಪ್ಪನವರು ಕುಳಿತದ್ದೂ ದಾಖಲಾಗಿದೆ.

3. ಈ ಬಗ್ಗೆ ಹಾಜಿರಾಬಿಯವರು ಕೊಟ್ಟ ಹೇಳಿಕೆ ಯಥಾವತ್ತಾಗಿ: "ಸಾಹೇಬ್ರ, ನನಗಿರೂದು ಒಂದ ಗುಂಟೆ ಜಾಗಾ. ಆಡು ನಡದಿದ್ದೆಲ್ಲಾ ನಂದಂತ ನೀವ ಬರಕೊಂಡೀರಿ, ಹಂಗಾದ್ರ ಇನ್ನೂರಾ ಹನ್ನೆರಡು ಎಕರೆ ಉತಾರ ನನ್ನ ಹೆಸರಿಗೆ ಕೊಡ್ರಲ್ಲ? ಇಲ್ಲಾಂದ್ರ ಹೊಂಡದ ದಾರಿ ಬಿಡ್ರಿ. ಕಂಪನಿಯವರು ಗ್ವಾಡಿ ಕಟ್ಟಿದ್ರ ಆಡಿಗೆ ನೀರ ಎಲ್ಲೈತಿ? ಆಡು ಹ್ವಾದ್ರ ನನ್ನ ಒಲಿ ಉರಿಯೂದಿಲ್ರಿ, ಖರೆ ಹೇಳ್ತೀನಿ."
ಉತಾರದ (ಪಹಣಿ ಪತ್ರದ) ಬೇಡಿಕೆಯನ್ನು ಹಾಸ್ಯವೆಂದು ಪರಿಗಣಿಸಲಾಗಿದೆ. ಹಾಸ್ಯಕ್ಕೆ ಇಲಾಖೆಯಲ್ಲಿ ನಮೂನೆ ಲಭ್ಯವಿರುವುದಿಲ್ಲ.

4. ಆದ್ದರಿಂದ ಹಾಜಿರಾಬಿಯವರು ತಮ್ಮ ಆಡುಗಳ ವಿಶೇಷ ವಲಯ ಯೋಜನೆಯನ್ನು ನೀಲಿನಕ್ಷೆಯ ಐದು ಪ್ರತಿಗಳೊಂದಿಗೆ ಸಲ್ಲಿಸತಕ್ಕದ್ದು. ನಕ್ಷೆಯಲ್ಲಿ ವಾಸ ವಲಯ, ಮೇವು ವಲಯ ಹಾಗೂ ಹಿಕ್ಕಿ ವಲಯಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸತಕ್ಕದ್ದು. ಮೇವು ವಲಯದಲ್ಲಿ ಹಿಕ್ಕಿ ಹಾಕುವುದನ್ನೂ ಹಿಕ್ಕಿ ವಲಯದಲ್ಲಿ ಮೇಯುವುದನ್ನೂ ನಿಷೇಧಿಸಲಾಗಿದೆ.

5. ಹಿಂಗಾಲ ಮೇಲೆ ನಿಂತು ಬಾರಿಗಿಡ ಮೇಯುವ ಆಡನ್ನು ಮೊದಲ ಮಹಡಿ ಎಂದು ಪರಿಗಣಿಸಲಾಗುವುದು.

6. ಗಬ್ಬದ ಆಡು ಮುಂದಿನ ವಿಸ್ತರಣೆಯಾಗಿದ್ದು, ಮರಿಗಳನ್ನು ನಕ್ಷೆಯಲ್ಲಿ ಚುಕ್ಕೆಗೆರೆಯಿಂದ ತೋರಿಸತಕ್ಕದ್ದು. ಅವಳಿ ಮರಿ ಹುಟ್ಟಿದಲ್ಲಿ ಒಂದನ್ನು ಅನಧಿಕೃತವೆಂದು ತಿಳಿಯಲಾಗುವುದು. ಯಾವುದು ಎಂಬುದನ್ನು ಸ್ಥಳ ಪರಿಶೀಲನೆಯ ನಂತರ ತಿಳಿಸಲಾಗುವುದು.

7. ಗುಡ್ಡದ ನವಿಲು, ತೋಳ ಮುಂತಾದವುಗಳ ನೆಮ್ಮದಿಯ ದೃಷ್ಟಿಯಿಂದ ಆಡುಗಳು ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಅರಚತಕ್ಕದ್ದು. ಸದರಿ ವೇಳೆಯಲ್ಲಿ ಕಂಪನಿಯವರು ಮದ್ದು ಹಾಕಿ ಬಂಡೆ ಸಿಡಿಸುವುದರಿಂದ ಆಡಿನ ಸದ್ದು ಕೇಳಿಸುವುದಿಲ್ಲ.

8. ಹೊಂಡದ ಹಳೆಯ ಕಾಲುದಾರಿಯು ಕಂಪನಿ ಕಟ್ಟುತ್ತಿರುವ ಗೋಡೆಯ ಒಳಗೆ ಸೇರಿದೆ. ಆಡುಗಳು ಹದಿನೇಳು ಕಿಲೋಮೀಟರ್ ಬಳಸು ದಾರಿಯನ್ನು ಉಪಯೋಗಿಸಬಹುದು. ಬಾಯಾರಿಕೆಯ ಮುನ್ಸೂಚನೆಯನ್ನು ಮೂರು ದಿನ ಮೊದಲು ಲಿಖಿತವಾಗಿ ನೀಡತಕ್ಕದ್ದು.

9. ಯೋಜನೆ ಸಲ್ಲಿಸಲು ಕೊನೆಯ ದಿನಾಂಕ 31 ಜುಲೈ 1983 ಎಂದು ನಿಗದಿಪಡಿಸಲಾಗಿದೆ. ಈ ಸುತ್ತೋಲೆಯು ಆಗಸ್ಟ್ ಒಂಬತ್ತರಂದು ಹೊರಡುತ್ತಿರುವುದರಿಂದ ಹಾಜಿರಾಬಿಯವರು ತಪ್ಪಿತಸ್ಥರೆಂದು ಈ ಮೂಲಕ ಘೋಷಿಸಲಾಗಿದೆ. ಸದರಿಯವರು ತಪ್ಪು ಮಾಡುವರೆಂದು ಮೊದಲೇ ಅಂದಾಜಿಸಿ ಆಡುಗಳನ್ನು ಇದೇ ಒಂದರಂದು ಕೊಂಡವಾಡಕ್ಕೆ (ಸರ್ಕಾರಿ ದೊಡ್ಡಿಗೆ) ಹೊಡೆಯಲಾಗಿತ್ತು.

10. ಕೊಂಡವಾಡದಲ್ಲಿ ಮೇವಿನ ಕೊರತೆ ಇರುವ ಕಾರಣ, ಪ್ರಾಣಿದಯೆಯ ದೃಷ್ಟಿಯಿಂದ, ಆಡುಗಳನ್ನು ಕಂಪನಿಯ ಅತಿಥಿಗೃಹದ ಅಡುಗೆಮನೆಯ ತಾತ್ಕಾಲಿಕ ಸುಪರ್ದಿಗೆ ಒಪ್ಪಿಸಲಾಗಿದೆ. ಇದೇ ಹನ್ನೊಂದರಂದು ಅತಿಥಿಗೃಹದ ಉದ್ಘಾಟನೆ ಇದ್ದು, ಇಲಾಖೆಯ ಸಮಸ್ತ ಸಿಬ್ಬಂದಿ ಊಟದ ವೇಳೆಗೆ ಹಾಜರಿರತಕ್ಕದ್ದು. ಗೈರುಹಾಜರಿಯನ್ನು ಗಂಭೀರವಾಗಿ ಪರಿಗಣಿಸಲಾಗುವುದು.

ಸಹಿ/- (ರಜೆಯ ಮೇಲಿರುವ ಅಧಿಕಾರಿಗಳ ಪರವಾಗಿ, ರಜೆಗೆ ಹೊರಟಿರುವ ಅಧಿಕಾರಿಗಳು)
ವಿಶೇಷ ವಲಯ ಯೋಜನೆ ಇಲಾಖೆ

ಪ್ರತಿಗಳು:

1. ವ್ಯವಸ್ಥಾಪಕರು, ತಂಗಾಳಿ ಕಂಪನಿ: ಮಾಹಿತಿಗಾಗಿ. ಜೀಪು ಕಳುಹಿಸಿದ್ದಕ್ಕೆ ಧನ್ಯವಾದಗಳೊಂದಿಗೆ.

2. ಅಡುಗೆಯವರು, ಅತಿಥಿಗೃಹ: ಆಡು ಮುಟ್ಟಿದ ಬಗ್ಗೆ ಸಹಿಗಾಗಿ. (ಎಂಟಕ್ಕೆ ಮಾತ್ರ ಸಹಿ ಬಂದಿದೆ.)

3. ಹಾಜಿರಾಬಿಯವರು: ಮನೆಗೆ ಬೀಗ ಇದ್ದುದರಿಂದ ಬಾಗಿಲಿಗೆ ಅಂಟಿಸಲಾಗಿದೆ. ನೆರೆಮನೆಯ ತಿಪ್ಪವ್ವನವರು ಸಿಪಾಯಿಗೆ ತಿಳಿಸಿದ್ದು: "ಆಕಿ ಕೊಂಡವಾಡದ ಬೇಲಿ ಹಾರಿ ಬಂದ ಕರಿ ಆಡು ಕಟ್ಟಿಕೊಂಡು ನಸುಕಿನ್ಯಾಗ ಗುಡ್ಡಕ್ಕ ಹ್ವಾದಳ್ರಿ, ಹೊಂಡಕ್ಕ. ಇನ್ನೂ ಗ್ವಾಡಿ ಮೊಣಕಾಲಮಟಾ ಅಷ್ಟ ಬಂದೈತಿ, ದಾಟಾಕ ಬರ್ತೈತಿ. ನಿಮ್ಮ ಚೀಟಿ ಚಲೋ ಅಂಟಿಸಿ ಹೋಗ್ರೀ, ಬಾಗಲಾ ಸಂದಿ ಬಿಟ್ಟೈತಿ, ಗಾಳಿ ಬಡೀತೈತಿ ಅಂತಿದ್ಲು."

4. ಭೂಮಾಪಕ ಹೊಳೆಯಪ್ಪನವರು: ಉಳಿದ ಒಂದು ಆಡಿನ ವಿಸ್ತೀರ್ಣವನ್ನು ಇಂದೇ ಹೊಸದಾಗಿ ಅಳೆಯುವುದು. ನೆರಳಿನಲ್ಲಿ ಕೂರತಕ್ಕದ್ದಲ್ಲ.