ಕೊಲೆಗೊಂದು ಚೊಂಬು ನೀರು

ಕೊಲೆ ಮಾಡಿದವನಿಗೆ ಎಷ್ಟು ವರ್ಷ ಜೈಲು ಅಂತ ಕಾನೂನಿನ ಪುಸ್ತಕದಲ್ಲಿದೆ. ಕೊಲೆಯ ಬಗ್ಗೆ ಓದಿದವಳಿಗೆ ಎಷ್ಟು ಚೊಂಬು ತಣ್ಣೀರು ಅಂತ ಎಲ್ಲಿದೆ? ನಮ್ಮತ್ತೆಯ ತಲೆಯಲ್ಲಿದೆ! ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆ ಹೋಗುವಾಗ ಬಸ್ಸಿನವರು ಬೈದುಕೊಂಡೇ ನಿಲ್ಲಿಸುವ ಒಂದು ಹಳ್ಳಿಯಲ್ಲಿ ಆ ಶಿಕ್ಷೆಯನ್ನು ಮೂರು ಸೆಮಿಸ್ಟರ್ ಅನುಭವಿಸಿದ ಅಪರಾಧಿ ನಾನು.

ಅತ್ತೆ ಅಂದರೆ ಗಂಡನ ತಾಯಿ ಅಂದುಕೊಳ್ಳಬೇಡಿ, ನನ್ನ ಬದುಕು ಇನ್ನೂ ಅಷ್ಟು ದೂರ ಹೋಗಿಲ್ಲ. ಇವಳು ನಮ್ಮಪ್ಪನ ಅಕ್ಕ. ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕಿದ್ದಾಳೆ, ಮಕ್ಕಳನ್ನು ಸಾಕಿಲ್ಲ. ಆದ್ದರಿಂದ ಮಕ್ಕಳನ್ನು ಹೇಗೆ ಸಾಕಬೇಕು ಅನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿಲ್ಲ!

ನಾನು ಎಂ.ಎ. ಕ್ರಿಮಿನಾಲಜಿಗೆ ಸೇರಿದ ಸುದ್ದಿ ಗೌರಿಬಿದನೂರಿನ ಒಂದು ಮದುವೆ ಮನೆಯಲ್ಲಿ ಬಯಲಾಯಿತು. ಎಲೆ ಮುಂದೆ ಕೂತಿದ್ದ ನೆಂಟರೊಬ್ಬರು ಹೋಳಿಗೆ ಮುರಿಯುತ್ತ, "ಅಲ್ಲಮ್ಮ, ಹೆಂಗೆ ಕೊಂದ್ರೆ ಸಿಕ್ಕಿಹಾಕ್ಕೊಳಲ್ಲ ಅಂತ ಗೊತ್ತಿರೋ ಹುಡುಗೀನ ಯಾವ ಧೈರ್ಯವಂತ ಮದುವೆ ಆಗ್ತಾನೆ?" ಅಂದರು. ಪಕ್ಕದಲ್ಲಿದ್ದ ಅತ್ತೆ ತಲೆ ಎತ್ತದೆ ಹೇಳಿದಳು: "ಒಳ್ಳೇದೇ ಆಯ್ತಲ್ಲ ಬಿಡಣ್ಣ. ಗಂಡ ಬಾಯಿ ಮುಚ್ಕೊಂಡು ಹುಷಾರಾಗಿರ್ತಾನೆ." ನೆಂಟರು ಎರಡನೇ ಹೋಳಿಗೆ ಹಾಕಿಸಿಕೊಳ್ಳಲಿಲ್ಲ.

ಆದರೆ ಹುಷಾರು ತಪ್ಪಿದ್ದು ನಾನು. ಹಾಸ್ಟೆಲಿನಲ್ಲಿ ಮೊದಲ ಸೆಮಿಸ್ಟರಿನ ಪುಸ್ತಕ ತೆರೆದರೆ ಪುಟಪುಟಕ್ಕೂ ಹೆಣ. ಓದಿದ್ದು ಅಲ್ಲಿಗೇ ನಿಲ್ಲುತ್ತಿತ್ತೇ? ಅನ್ನದ ತಟ್ಟೆಗೂ ಬರುತ್ತಿತ್ತು, ಹಾಸಿಗೆಗೂ ಬರುತ್ತಿತ್ತು. ಬಾಗಿಲ ಚಿಲಕ ಹಾಕಿದ್ದೇನೋ ಇಲ್ಲವೋ ಅಂತ ಮೂರು ಮೂರು ಸಲ ಎದ್ದು ನೋಡುತ್ತಿದ್ದೆ. ವಿಶ್ವವಿದ್ಯಾಲಯದವರೂ ಪಾಪ, ಸುಮ್ಮನಿರಲಿಲ್ಲ. 'ವಿದ್ಯಾರ್ಥಿಗಳ ಆರೋಗ್ಯ ಮತ್ತು ಏಕಾಗ್ರತೆ' ಅಂತ ಒಂದು ಕಾರ್ಯಾಗಾರ ಇಟ್ಟರು. ಹತ್ತು ಗಂಟೆಗೆ ಬರಬೇಕಾದ ತಜ್ಞರು ಎರಡು ಗಂಟೆಗೆ ಬಂದರು. ಅಲ್ಲಿಯವರೆಗೂ ನಮ್ಮನ್ನು ಊಟಕ್ಕೆ ಬಿಡಲಿಲ್ಲ. ಬಂದವರೇ ಮೈಕು ಹಿಡಿದು, "ಹೊತ್ತು ಹೊತ್ತಿಗೆ ಸರಿಯಾಗಿ ಊಟ ಮಾಡಿ" ಅಂದರು! ಆಮೇಲೆ ಕಣ್ಣು ಮುಚ್ಚಿ ಒಂದು ಶಾಂತವಾದ ಜಾಗವನ್ನು ಕಲ್ಪಿಸಿಕೊಳ್ಳಿ ಅಂದರು. ನಾನು ಕಣ್ಣು ಮುಚ್ಚಿದೆ. ಶವಾಗಾರ ಕಾಣಿಸಿತು. ಶಾಂತವಾಗಿಯೇ ಇತ್ತು.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಂದು ಪೇಪರ್ ಹೋಗಿತ್ತು, ಮೈಯಲ್ಲಿ ಏಳು ಕೇಜಿ ಹೋಗಿತ್ತು. ಮನೆಗೆ ಬಂದವಳನ್ನು ನೋಡಿ ಅಪ್ಪ, "ಸಾಕು ಬಿಡಮ್ಮ, ಬಿ.ಎಡ್. ಮಾಡ್ಕೊ" ಅಂದರು. ನನಗೆ ಬಿಡಲು ಇಷ್ಟವಿರಲಿಲ್ಲ, ಆದರೆ ಬಿಡುವುದಿಲ್ಲ ಅನ್ನಲು ಮೈಯಲ್ಲಿ ಶಕ್ತಿಯೂ ಇರಲಿಲ್ಲ. ಆಗ ನೋಡಲು ಬಂದಿದ್ದ ಅತ್ತೆ ನಡುವೆ ಬಾಯಿ ಹಾಕಿದಳು.

"ಏನೋ ನೀನು ಹೇಳೋದು? ಮೊದಲನೇ ಜ್ವರಕ್ಕೇ ಸಪ್ಪಗಾಯ್ತು ಅಂತ ಹುಳುನ ತಿಪ್ಪೆಗೆ ಹಾಕ್ತಾರೇನೋ? ನನ್ ಜೊತೆ ಕಳಿಸು. ಇನ್ನೊಂದು ಸೆಮಿಸ್ಟರ್ ನೋಡು. ಇವಳು ಮೈ ಹಿಡೀಲಿಲ್ಲ ಅಂದ್ರೆ ಆಮೇಲೆ ನಿನ್ನಿಷ್ಟ."

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಕದಲದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದರೆ ಹುಳು ಗೂಡು ಕಟ್ಟುತ್ತದೆ. ನನ್ನ ಕೋರ್ಸಿಗೂ ನಾಲ್ಕೇ ಸೆಮಿಸ್ಟರ್ ಅಂತ ಗೊತ್ತಾದಾಗ ಅತ್ತೆಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. "ನಿಮ್ ಯೂನಿವರ್ಸಿಟಿಯೋರು ನಮ್ಮನ್ನ ನೋಡೇ ಕಲ್ತಿರೋದು" ಅಂದಳು.

"ಗೂಡು ಕಟ್ಟಿದ ಮೇಲೆ ಹುಳುನ ಬಿಸಿನೀರಿಗೆ ಹಾಕ್ತಾರಲ್ಲ ಅತ್ತೆ?" ಅಂತ ಕೇಳಿದೆ.

"ಅದು ಮದುವೆ ಕಣಮ್ಮ. ಅದು ಆಮೇಲಿನ ಮಾತು."

ಹೀಗೆ ನಾನು ಅತ್ತೆಯ ಮನೆ ಸೇರಿ, ದಿನಾ ಬಸ್ಸಿನಲ್ಲಿ ಕ್ಲಾಸಿಗೆ ಹೋಗಿಬರುವವಳಾದೆ. ಹುಳುವಿಗೆ ಯಾವ ಕಾನೂನೋ ನನಗೂ ಅದೇ ಕಾನೂನು. ಹುಳುಮನೆಗೆ ನಾಲ್ಕು ಹೊತ್ತು ಸೊಪ್ಪು ಬೀಳುವಾಗ ನನ್ನ ಮುಂದೆಯೂ ತಟ್ಟೆ ಬೀಳುತ್ತಿತ್ತು. ಹುಳುವಿಗೆ ಗಲಾಟೆ ಆಗದು, ಆದ್ದರಿಂದ ನನ್ನ ಫೋನು ಗೇಟಿನ ಹತ್ತಿರ ಒಂದು ಡಬ್ಬಿಯಲ್ಲಿ. ಹುಳುವಿಗೆ ವಾಸನೆ ಆಗದು, ಆದ್ದರಿಂದ ಚಿಂತಾಮಣಿಯಿಂದ ನೋಟ್ಸ್ ಕೊಡಲು ಬಂದ ನನ್ನ ಗೆಳತಿಯನ್ನು, ಸೆಂಟು ಹಾಕಿಕೊಂಡಿದ್ದಾಳೆ ಅಂತ, ಗೇಟಿನಿಂದಲೇ ಮಾತಾಡಿಸಿ ಗೇಟಿನಿಂದಲೇ ಕಾಫಿ ಕೊಟ್ಟು ಗೇಟಿನಿಂದಲೇ ಕಳಿಸಿದಳು. ಪ್ರತಿ ಭಾನುವಾರ ಸೊಪ್ಪಿನ ಮೂಟೆ ತೂಗುವ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸಿ, ಅಪ್ಪನಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು: "ಮುಕ್ಕಾಲು ಕೇಜಿ ಏರವಳೆ ಕಣೋ!" ಜೊತೆಗೆ ಭಯ ಹೋಗಲಿ ಅಂತ ಮುರುಗಮಲ್ಲದ ದರ್ಗಾಕ್ಕೆ, ಓದಿದ್ದು ನೆನಪಿರಲಿ ಅಂತ ಕೈವಾರದ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಯಾವ ದೇವರಿಗೆ ಯಾವ ಸಬ್ಜೆಕ್ಟು ಅನ್ನುವುದರಲ್ಲಿ ಅವಳಿಗೆ ಗೊಂದಲವೇ ಇರಲಿಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಸ್ನಾನ! ಸಾವಿನ ಮನೆಗೆ ಹೋಗಿಬಂದವರು ಸ್ನಾನ ಮಾಡದೆ ಒಳಗೆ ಬರಬಾರದು ತಾನೆ? ನಾನು ಓದುವುದು ಏನನ್ನು? ಸಾವನ್ನು. ಅಂದಮೇಲೆ? ಓದು ಮುಗಿಸಿ ಹಿತ್ತಿಲ ಬಚ್ಚಲ ಕಲ್ಲಿನ ಮೇಲೆ ಕೂತರೆ ಅತ್ತೆ ಚೊಂಬು ಹಿಡಿದು ವಿಚಾರಣೆ ಶುರು ಮಾಡುತ್ತಿದ್ದಳು.

"ಇವತ್ತೇನು?"

"ಕಳ್ಳತನ ಅತ್ತೆ."

"ಕೈಕಾಲು ತೊಳ್ಕೊಂಡು ಬಾ."

ಮೋಸಕ್ಕೆ ಬಾಯಿ ಮುಕ್ಕಳಿಸಿದರೆ ಸಾಕು. ಕೊಲೆಗೆ ಮಾತ್ರ ತಲೆಯ ಮೇಲೆ ತಣ್ಣೀರು. ಒಮ್ಮೆ ಸರಣಿ ಕೊಲೆಗಾರರ ಪಾಠ ಬಂತು. ಡಿಸೆಂಬರಿನ ಚಳಿ, ನಂದಿ ಬೆಟ್ಟದ ಕಡೆಯಿಂದ ಬೀಸುವ ಗಾಳಿ ಬೇರೆ. ನಾನು ವಕೀಲರ ಹಾಗೆ ವಾದಿಸಿದೆ: "ಕೊಲೆಗಾರ ಒಬ್ಬನೇ ಅತ್ತೆ. ಒಂದೇ ಚೊಂಬು ಸಾಕು."

"ಸತ್ತೋರು ಎಷ್ಟು ಜನ?"

"ಹನ್ನೊಂದು."

"ಕೂತ್ಕೊ."

ಹನ್ನೊಂದು ಚೊಂಬು! ಪ್ರತಿಯೊಂದನ್ನೂ ಎಣಿಸಿ, ನಿಧಾನವಾಗಿ, ಬಾಯಲ್ಲಿ ಏನೋ ಗೊಣಗುತ್ತ ಹುಯ್ದಳು. ಬೋರು ಎಷ್ಟು ಕೊರೆದರೂ ನೀರು ಸಿಗದ ನಮ್ಮ ಸೀಮೆಯಲ್ಲಿ, ಸೊಪ್ಪಿಗೆ ಬಿಡುವ ನೀರನ್ನೂ ಅಳೆಯುವ ಹೆಂಗಸು ಇವಳು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದರೆ ಅವಳಿಗೆ ಕನಿಕರವೇ ಇಲ್ಲ. ಸೇಡು ತೀರಿಸಿಕೊಳ್ಳಲು ಮಾರನೆಯ ದಿನ ಒಂದು ಕಠಿಣ ಪ್ರಶ್ನೆ ಎಸೆದೆ: "ಅತ್ತೆ, ಇವತ್ತು ವೈಟ್ ಕಾಲರ್ ಕ್ರೈಮ್. ದೊಡ್ಡ ದೊಡ್ಡ ಆಫೀಸರುಗಳು, ರಾಜಕಾರಣಿಗಳು ಮಾಡೋ ಅಪರಾಧ. ಎಷ್ಟು ಚೊಂಬು?"

ಅತ್ತೆ ಚೊಂಬು ಕೆಳಗಿಟ್ಟಳು. "ಅದು ತೊಳೆದ್ರೆ ಹೋಗಲ್ಲಮ್ಮ. ಸುಮ್ನೆ ನೀರು ದಂಡ."

ಗುಟ್ಟೊಂದನ್ನು ಒಪ್ಪಿಕೊಳ್ಳುತ್ತೇನೆ. ಆ ತಣ್ಣೀರು ಬಿದ್ದ ಮೇಲೆ ಪುಸ್ತಕದ ಹೆಣಗಳು ಬಚ್ಚಲಿನಿಂದ ಆಚೆ ಬರುತ್ತಿರಲಿಲ್ಲ. ಹಸಿವಾಗುತ್ತಿತ್ತು. ಹುಳುಮನೆಯಲ್ಲಿ ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳಿಸುತ್ತಿತ್ತು, ನಿದ್ದೆ ಬರುತ್ತಿತ್ತು. ಎರಡನೇ ಸೆಮಿಸ್ಟರ್ ಜೊತೆಗೆ ಹಳೆಯ ಪೇಪರೂ ಪಾಸಾಯಿತು. ಇದನ್ನು ಅತ್ತೆಗೆ ಹೇಳಿದ್ದೆನೇ? ಖಂಡಿತ ಇಲ್ಲ. ಹೇಳಿದರೆ ಚೊಂಬಿನ ಬದಲು ಬಿಂದಿಗೆ ತರುತ್ತಿದ್ದಳು!

ಮೂರನೇ ಸೆಮಿಸ್ಟರಿನಲ್ಲಿ ನಮ್ಮನ್ನು ಒಂದು ಆಸ್ಪತ್ರೆಯ ಶವಾಗಾರಕ್ಕೆ ಕರೆದುಕೊಂಡು ಹೋದರು. ಅಪ್ಪನಿಗೆ ಗೊತ್ತಿತ್ತು. "ಅದನ್ನ ನೋಡಿ ಬಂದು ಮತ್ತೆ ಊಟ ಬಿಟ್ರೆ, ಅಲ್ಲಿಗೆ ಮುಗೀತು. ಮನೆಗೆ ಬಂದುಬಿಡು" ಅಂತ ಮೊದಲೇ ಹೇಳಿದ್ದರು. ನಾನೂ ಒಪ್ಪಿದ್ದೆ.

ಅಲ್ಲಿದ್ದವಳು ನನ್ನ ವಯಸ್ಸಿನ ಹುಡುಗಿ. ಯಾರೂ ಗುರುತು ಹಿಡಿದಿರಲಿಲ್ಲ, ಕಾಲಿಗೆ ಕಟ್ಟಿದ ಚೀಟಿಯಲ್ಲಿ ಒಂದು ನಂಬರು ಮಾತ್ರ ಇತ್ತು. ಒಂದು ಕೈಯ ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದಳು. ಇನ್ನೊಂದು ಕೈಗೆ ಹಚ್ಚಲು ಪುರುಸೊತ್ತು ಸಿಕ್ಕಿರಲಿಲ್ಲ. ವೈದ್ಯರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಬಸ್ಸಿನಲ್ಲಿ ಊರು ಬರುವವರೆಗೂ ನನ್ನ ಕೈಗಳನ್ನೇ ನೋಡುತ್ತ ಕೂತಿದ್ದೆ.

ಹುಳು ನಾಲ್ಕನೇ ಜ್ವರ ಎದ್ದು ಹಸಿದಿದ್ದ ದಿನ ಅದು. ಅಂಥ ದಿನ ಹುಳುವಿಗೆ ಸೋಂಕು ತಗಲೀತು ಅಂತ ಅತ್ತೆ ಹೊರಗಿನಿಂದ ಬಂದ ಯಾರನ್ನೂ ಮುಟ್ಟುವುದಿಲ್ಲ. ನಾನು ಗೇಟಿನ ಹೊರಗೇ ನಿಂತು, "ಅತ್ತೆ, ನೀರು" ಅಂದೆ. ಸೊಪ್ಪಿನ ಬುಟ್ಟಿ ಹೊತ್ತು ಬಂದಳು.

"ಇವತ್ತು ಎಷ್ಟು ಜನ?"

"ಒಬ್ಬಳೇ."

"ಪುಸ್ತಕದಲ್ಲಾ?"

"ಅಲ್ಲ ಅತ್ತೆ."

ಬುಟ್ಟಿ ಅಲ್ಲೇ ಬಿತ್ತು. ಗೇಟು ತೆಗೆದು ಬಂದು ನನ್ನನ್ನು ತಬ್ಬಿಕೊಂಡಳು. "ಮುಟ್ಟಬೇಡ ಅತ್ತೆ, ಹುಳು..." ಅಂದೆ. "ಹುಳು ಒಂದು ಹೊತ್ತು ಉಪವಾಸ ಇದ್ರೆ ಸಾಯಲ್ಲ ಕಣೇ" ಅಂದಳು. ನಾನು ಅತ್ತುಬಿಟ್ಟೆ. ಜೋರಾಗಿ, ಊರಿಗೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ.

ಬಚ್ಚಲ ಕಲ್ಲಿನ ಮೇಲೆ ಕೂರಿಸಿ, "ಆ ಮಗು ಹೆಸರೇನಮ್ಮ?" ಅಂತ ಕೇಳಿದಳು.

"ಗೊತ್ತಿಲ್ಲ. ಯಾರೂ ಬಂದಿಲ್ಲ."

ಅತ್ತೆ ಮೊದಲ ಚೊಂಬು ಹುಯ್ದಳು. ಆ ದಿನ ಅವಳ ಗೊಣಗಾಟ ಮೊದಲ ಸಲ ಸರಿಯಾಗಿ ಕೇಳಿಸಿತು. "ತಣ್ಣಗಿರು ತಾಯಿ, ತಣ್ಣಗಿರು" ಅನ್ನುತ್ತಿದ್ದಳು. ನನಗಲ್ಲ.

"ಮೈಲಿಗೆ ತೊಳೀತಿದ್ದೀಯ ಅಂದ್ಕೊಂಡಿದ್ದೆ ಅತ್ತೆ" ಅಂದೆ.

"ನಿಂಗೇನೇ ಮೈಲಿಗೆ? ಸತ್ತೋರಿಗೆ ಕೊನೇ ನೀರು ಮನೆಯೋರು ಹುಯ್ತಾರೆ. ನೀನು ಓದ್ತೀಯಲ್ಲ, ಎಲ್ಲೆಲ್ಲೋ ಬಿದ್ದು ಸತ್ತೋರು, ಅವರಿಗೆ ಯಾರು ಹುಯ್ದ್ರು? ಹೆಂಗೂ ನಮ್ ಮನೆ ತನಕ ಬಂದವರೆ. ಒಂದೊಂದು ಚೊಂಬು ಹುಯ್ದು ಕಳಿಸ್ದೆ. ಅಷ್ಟೇ."

ಹನ್ನೊಂದು ಜನಕ್ಕೆ ಹನ್ನೊಂದು. ಆ ಚಳಿಯಲ್ಲಿ ಒಂದೂ ಕಮ್ಮಿ ಮಾಡದೆ ಎಣಿಸಿದ್ದು ಯಾಕೆ ಅಂತ ನನಗೆ ಆಗ ತಿಳಿಯಿತು.

ಅವತ್ತು ಎರಡು ಮುದ್ದೆ ತಿಂದೆ. ಏಳು ಗಂಟೆಗೆ ಅಪ್ಪ ಫೋನ್ ಮಾಡಿ ಮೆಲ್ಲಗೆ ಕೇಳಿದರು: "ಏನಮ್ಮ, ಬಿಟ್ಟುಬಿಡ್ತೀಯಾ?"

"ಇಲ್ಲಪ್ಪ, ಬಿಡಲ್ಲ" ಅಂದೆ. "ಬಿಟ್ರೆ ಅವರಿಗೆಲ್ಲ ನೀರು ಹುಯ್ಯೋರು ಯಾರು?"